ಸಂತನ ಮುಖ

“ಈ ಮನೇಲಿ ಒಂದಾದ್ರೂ ಇಟ್ಟಲ್ಲಿ ಇರುತ್ತಾ?” ಖಾಲಿ ಡಬ್ಬಿಯ ಹತ್ತಿಯನ್ನು ಒದರುತ್ತ ಜಿಬ್ರಾಯಿಲ್ ಗೋಡೆಯನ್ನು ಕೇಳಿದ. ಅಲೆಪ್ಪೊದ ಅಂಗಡಿಗಳನ್ನು ಜಾಲಾಡಿ ಅವನು ಕೂಡಿಸಿದ್ದ ಬಿಲ್ಲೆಗಳೆಲ್ಲ ಹಿಂದಿನ ಯಾತ್ರಿಕರು ಸಂತರ ಗುಡ್ಡಗಳಿಂದ ತಂದ ಮಣ್ಣಿನವು; ಈ ಡಬ್ಬಿಯಲ್ಲಿದ್ದ ಒಂದರ ಮೂಲ ಮಾತ್ರ ತಿಳಿದಿರಲಿಲ್ಲ. ನೋಡಿ ಹೇಳಲು ನಾಳೆ ಪಂಡಿತರು ಬರುವವರಿದ್ದರು.

ಬಿಲ್ಲೆ, ಜ್ವರದಲ್ಲಿ ಮಲಗಿದ್ದ ಅವನ ಮಗಳ ತೊಟ್ಟಿಲ ಬಳಿ, ಅವನ ತಾಯಿ ವರ್ದಾಳ ಕೈಯಲ್ಲಿತ್ತು. ಅದರ ಮೇಲೆ ಒತ್ತಿದ್ದ ಸಂತನ ಮುಖವನ್ನು ಆಕೆ ಚಾಕುವಿನಿಂದ ಕೆರೆದು ಎಣ್ಣೆಗೆ ಉದುರಿಸುತ್ತಿದ್ದಳು.

“ಅಮ್ಮಾ, ಮುಖಾನೇ ಹೋದ್ರೆ ಯಾವ ಗುಡ್ಡದ್ದು ಅಂತ ಹೇಗೆ ಹೇಳ್ತಾರೆ? ಡಾಕ್ಟ್ರ ಔಷಧಿ ಇದೆಯಲ್ಲ.”

“ಅದನ್ನೂ ಕುಡಿಸಿದೀನಿ. ನಿಂಗೆ ಜ್ವರ ಬಂದಾಗ ನಮ್ಮತ್ತೆ ಹೀಗೇ ಹಚ್ಚಿದ್ರು. ಹತ್ತೀಲಿ ಮಲಗಿಸೋಕೆ ಅಂತ ಯಾತ್ರಿಕರು ಇದನ್ನ ಹೊತ್ಕೊಂಡು ಬಂದ್ರಾ, ಜಾಣಪ್ಪ?”

ಅಲ್ಲವೆಂದು ಅವನಿಗೂ ಗೊತ್ತಿತ್ತು. “ಹೋಗ್ಲಿ, ಹಿಂದುಗಡೆ ಕೆರಿ. ಉಳಿದ ಮುಖಾನಾದ್ರೂ ಬಿಡು.”

“ಆಗಲ್ಲ,” ಅಂದಳು ವರ್ದಾ. “ಮೊಮ್ಮಗಳಿಗೋಸ್ಕರ ಬೇಡ್ತಿದೀನಿ. ಸಂತನ ಬೆನ್ನ ಹತ್ರ ಮಾತಾಡಲ್ಲ.”