ಡ್ರೈವರ್ ಕೊಟ್ಟ ಉತ್ತರ

“ಇಂಥ ಸೆಟ್ಟಿಂಗ್ ಇಲ್ಲ” ಎಂಬ ಕೆಂಪು ಸಾಲು ಪರದೆಯ ಮೇಲೆ ಮತ್ತೆ ಮೂಡಿದಾಗ ವರದಾ ಕೀಬೋರ್ಡಿನಿಂದ ಕೈ ತೆಗೆದಳು. ಅವಳೂ ಅಣ್ಣ ಮುಕುಂದನೂ ಬೈಲಹೊಂಗಲದ ಮನೆಯಲ್ಲಿ ಕಟ್ಟಿದ ಎದೆಬಡಿತ ತೋರಿಸುವ ಯಂತ್ರ ಆಗಾಗ ತಡೆದು ನಿಲ್ಲುತ್ತಿತ್ತು. ವೇಳೆ ಎಲ್ಲಿ ಪೋಲಾಗುತ್ತಿದೆಯೆಂದು ಅಳೆಯುವ ಟೂಲ್‌ಗೆ ಅವಳು ಬಡಿತ ಓದುವ ಚಿಪ್ಪನ್ನು ನಡೆಸುವ ಪ್ರೋಗ್ರಾಮ್ ಆದ ಡ್ರೈವರ್‌ನ ಸೆಟ್ಟಿಂಗನ್ನು ಅಕ್ಷರ ತಪ್ಪದೆ ಕೊಟ್ಟಿದ್ದಳು.

“ಡ್ರೈವರ್‌ದಾಗ ಇರೂದು ಇದಕ್ಯಾಕ ತಿಳೀವಲ್ದೋ ಅಣ್ಣಾ?”

“ನನಗೇನ ಗೊತ್ತವಾ? ನಾಳೆ ಸಿರಸಂಗಿ ದವಾಖಾನಿಗೆ ಒಯ್ಯೂದದ. ನಡುವ ನಿಂತ್ರ ಪೇಶಂಟ್ ಗತಿ ಏನು?”

ತಾನು ಕೊಟ್ಟ ಸೆಟ್ಟಿಂಗ್ ಟೂಲ್‌ಗಲ್ಲ, ಡ್ರೈವರ್‌ಗೆ ಎಂದು ತಾನೆಲ್ಲೂ ತಿಳಿಸಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಸೆಟ್ಟಿಂಗಿನ ಹೆಸರಿನ ಮುಂದೆ, ಅದು ಡ್ರೈವರಿಗೆ ಸೇರಿದ್ದೆಂದು ತೋರಿಸುವ @ ಗುರುತು ಹಾಕಿದಳು. ಮತ್ತೆ ಕೆಂಪು ಸಾಲೇ ಬಂತು.

“ಮತ್ತ ತಪ್ಪಾತೇನು?”

“ಈ ಸಲ ಡ್ರೈವರೇ ಹೇಳ್ಲಿಕ್ಕತ್ತದ. ಚಿಪ್ಪನ್ನ ಬ್ಯಾರೆ ಪ್ರೋಗ್ರಾಮ್ ಹಿಡ್ಕೊಂಡದಂತ.” ಅವಳು ಗಲಿಬಿಲಿಗೊಂಡಳು. “ಬ್ಯಾರೆ ಪ್ರೋಗ್ರಾಮ್ ಎಲ್ಲಿಂದ ಬಂತು?”

ಮುಕುಂದ ತನ್ನ ಲ್ಯಾಪ್‌ಟಾಪಿನ ಕಡೆ ತಿರುಗಿದ. ಬಡಿತ ಸರಿಯಾಗಿ ಬರುತ್ತದೆಯೇ ಎಂದು ನೋಡಲು ಅವನೇ ಮೊದಲ ದಿನದಿಂದ ಹಚ್ಚಿಟ್ಟಿದ್ದ ಗ್ರಾಫ್ ಪ್ರೋಗ್ರಾಮ್ ಅಲ್ಲಿಂದಲೇ ಯಂತ್ರದ ಚಿಪ್ಪನ್ನು ಹಿಡಿದುಕೊಂಡು ಇನ್ನೂ ಓಡುತ್ತಿತ್ತು. ಅದನ್ನು ಮುಚ್ಚಿದ. ಯಂತ್ರದ ಹಸಿರು ಗೆರೆ ಎಲ್ಲಿಯೂ ತಡೆಯದೆ ಸಾಗಿತು.