ನಲವತ್ತೆಂಟನೇ ನಂಬರಿನ ಹೊಸಮನಿ

“ಗ್ವಾಡಿಗೆ ಕಾರ್ ಗುದ್ದಿ ಇನ್ನೂ ಎಂಟ್ ದಿನ ಆಗಿಲ್ಲ. ಮಾರಿ ಮ್ಯಾಲೆ ಒಂದ್ ಗೀರರ ಐತೇನ್ ನೋಡ್ರಿ!”

ಚಪ್ಪಲಿ ಬಿಡುವ ಮೊದಲೇ ಪಾರ್ವತೆವ್ವ ಶುರು ಮಾಡಿದ್ದರು. ಮಾರ್ಕಮ್‌ನಿಂದ ಜಾರ್ಜ್‌ಟೌನಿಗೆ ಅವರು ಬಂದದ್ದು ಮಗ ಬಸವೇಶನಿಗೆ ಹೆಣ್ಣು ನೋಡಲು. ಮೊದಲು ಕಣ್ಣಿಗೆ ಬಿದ್ದವನು ಮಾತ್ರ ಹುಡುಗಿಯ ಅಣ್ಣ ಈರೇಶ ಹೊಸಮನಿ. ಮೊಣಕೈತನಕ ಹಿಟ್ಟು ಮೆತ್ತಿಕೊಂಡು ಹಲ್ಲು ಕಿರಿಯುತ್ತ ನಿಂತಿದ್ದ. ಕೈ ತೊಳೆಯುವ ಬುದ್ಧಿಯೂ ಇಲ್ಲ!

ಈ ಪರದೇಶಕ್ಕೆ ಬಂದು ನೆಲೆಸಿದ ಹುಬ್ಬಳ್ಳಿ, ಬೆಳಗಾವಿ ಮಂದಿಗೆಲ್ಲ ಈರೇಶನೆಂದರೆ ಒಂದು ನಗೆಪಾಟಲು. ಹಳೇ ಕಾರಿನ ಸೀಟು ಕಿತ್ತು, ಒಳಗೆ ಕಬ್ಬಿಣದ ಸರಳು ಬಿಗಿದು, ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಶನಿವಾರಕ್ಕೊಮ್ಮೆ ಗಿರಗಿರ ಸುತ್ತುವುದಕ್ಕೆ ಸ್ಟಾಕ್ ಕಾರ್ ರೇಸು ಅಂತ ಹೆಸರು. ಎಲ್ಲಿಂದ ಹೊರಟರೋ ಅಲ್ಲಿಗೇ ಬರುವುದು. ಗಾಣದೆತ್ತು ಸುತ್ತಿದರೆ ಎಣ್ಣೆಯಾದರೂ ಬರುತ್ತದೆ. 2015ರಲ್ಲಿ ಪ್ರತಿ ರೇಸಿನಲ್ಲೂ ಕೊನೆಯ ಸ್ಥಾನ. ಮರುವರ್ಷ ಎಂಜಿನ್ನಿಗೆ ಬೆಂಕಿ. ಆಮೇಲೆ ಗೇಣುದ್ದದ ಒಂದು ಟ್ರೋಫಿ. ಈ ವರ್ಷ, 2018ರಲ್ಲಿ, ಅದಾವ ಗ್ರಹಚಾರವೋ, ಪಾಯಿಂಟುಗಳಲ್ಲಿ ಎಲ್ಲರಿಗಿಂತ ಮುಂದೆ. ಇವತ್ತು ಸಂಜೆಯೇ ಕೊನೆಯ ರೇಸು, ಗೆದ್ದರೆ ಚಾಂಪಿಯನ್.

ಯಾರೋ ಕಳಿಸಿದ ವಿಡಿಯೋವನ್ನು ಪಾರ್ವತೆವ್ವ ನಾಲ್ಕು ಸಲ ನೋಡಿದ್ದರು. ಬಾಗಿಲ ಮೇಲೆ ‘ಹೊಸಮನಿ, 48’ ಎಂದು ದೊಡ್ಡ ಅಕ್ಷರ. ಓಡಿಸುವ ಪ್ರಾಣಿ ಹೆಲ್ಮೆಟ್ಟು ತೆಗೆಯದೆ ಕೈ ಬೀಸುತ್ತಿತ್ತು. ಮುಖ ತೋರಿಸಲು ನಾಚಿಕೆಯಿರಬೇಕು ಎಂದು ಜನ ನಕ್ಕಿದ್ದರು.

ಹುಡುಗಿ ದೀಪಶ್ರೀ ಚಹಾ ತಂದಳು. ತಗ್ಗಿಸಿದ ಕತ್ತು ಎತ್ತಲಿಲ್ಲ, ಆಚೀಚೆ ಹೊರಳಿಸಲೂ ಇಲ್ಲ.

“ಎಷ್ಟ್ ನಾಚಿಗಿ ನೋಡ್ರಿ! ಇಲ್ಲಿ ಬೆಳದ್ರೂ ಹಿಂಗ ಇರೂದಂದ್ರ!” ಪಾರ್ವತೆವ್ವ ಅವಳ ಕೈ ಹಿಡಿದು ತಿರುವಿದರು. ಅಂಗೈ ಜಡ್ಡುಗಟ್ಟಿತ್ತು. ಮಣಿಕಟ್ಟಿನ ಮೇಲೆ ಸುಟ್ಟ ಕಲೆ. “ಇದು ರೊಟ್ಟಿ ಬಡದ್ ಕೈ! ನನಗ ಯಾರೂ ಹೇಳೂದ್ ಬ್ಯಾಡ.”

ತಾಯಿ ಶಾರದವ್ವ ಕೆಮ್ಮಿದರು. “ಶನಿವಾರ ಸಂಜೀನೂ ಶಿಫ್ಟಿಗೆ ಹೋಗ್ತಾಳ್ರಿ ಆಕಿ.”

“ಪಾಪ! ತಂಗಿ ದುಡಿಯೂದು, ಅಣ್ಣ ಸುತ್ತೂದು!”

ಬಸವೇಶನಿಗೆ ಓಕ್‌ವಿಲ್‌ನ ಕಾರು ಫ್ಯಾಕ್ಟರಿಯಲ್ಲಿ ಕೆಲಸ. ಉಗುರಿನ ಗ್ರೀಸು ರವಿವಾರವೂ ಹೋಗುತ್ತಿರಲಿಲ್ಲ. ಹನ್ನೊಂದು ಹುಡುಗಿಯರನ್ನು ಒಲ್ಲೆ ಎಂದವನು ಈ ಫೋಟೋ ಕಂಡೊಡನೆ ಹೂಂ ಎಂದಿದ್ದ. ಈಗ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದ.

“ಹುಡುಗಿ ಮನಸಿಗೆ ಬಂದಾಳ,” ಎಂದರು ಪಾರ್ವತೆವ್ವ. “ಆದ್ರ ಈ ರೇಸಿನ ಹುಚ್ಚು ನಮ್ಮ ಬೀಗತನದಾಗ ಬ್ಯಾಡ. ಈರೇಶ ಈಗ ಆಣಿ ಮಾಡ್ಲಿ. ಇಲ್ಲಂದ್ರ ಇಲ್ಲಿಗೇ ಬಿಡೂಣು.”

ದೀಪಶ್ರೀಯ ಕಣ್ಣಲ್ಲಿ ನೀರಾಡಿತು. ಬಸವೇಶನ ಮುಖ ಸಪ್ಪಗಾಯಿತು. ಈರೇಶ ಒಳಗೆ ಹೋಗಿ ಕೈ ತೊಳೆದು ಬಂದ, ಕೊರಳಿನ ಲಿಂಗ ಹಿಡಿದ.

“ಲಿಂಗದಾಣಿ ಯವ್ವಾ. ನಾ ಆ ಟ್ರ್ಯಾಕಿನ್ಯಾಗ ಕಾರ್ ಓಡ್ಸೂದಿಲ್ರಿ.”

ಅಷ್ಟೇ! ಚಾಂಪಿಯನ್ ಆಗುವ ದಿನವೇ, ಒಂದು ಮಾತಿಗೆ ಮಣಿದುಬಿಟ್ಟ. ಬೆನ್ನೆಲುಬಿಲ್ಲದ ಗಂಡಸು ಎಂದುಕೊಂಡರು ಪಾರ್ವತೆವ್ವ. ಸಕ್ಕರೆ ಹಂಚಿ, ಹುಡುಗಿಗೆ ಹೂ ಮುಡಿಸಿ, ಯುದ್ಧ ಗೆದ್ದವರಂತೆ ಕಾರು ಹತ್ತಿದರು. ಬಸವೇಶ ತಾಯಿಯನ್ನು ಮನೆಗೆ ಬಿಟ್ಟು, ಓವರ್‌ಟೈಮ್ ಇದೆ ಎಂದು ಓಡಿದ.

ಸಂಜೆ ಆರಕ್ಕೆ ಈರೇಶ ಮನೆಯಲ್ಲೇ ಇದ್ದ. ಆಣೆ ಮುರಿಯಲಿಲ್ಲ. ದಿನದಂತೆ ರೊಟ್ಟಿ ಬಡಿಯುತ್ತಿದ್ದ.

ಅದೇ ಹೊತ್ತಿಗೆ ಟ್ರ್ಯಾಕಿನ ಬದಿಯಲ್ಲಿ, ನಲವತ್ತೆಂಟನೇ ನಂಬರಿನ ಕಾರಿನ ಚಕ್ರ ಬಿಗಿದು ಎದ್ದ ಬಸವೇಶ ಕಿಟಕಿಗೆ ಬಗ್ಗಿ, “ಕುತ್ತಿಗಿ ನೋವು ಹೆಂಗೈತಿ?” ಎಂದ; ಸ್ಟೀರಿಂಗ್ ಹಿಡಿದು ಕೂತ ದೀಪಶ್ರೀ ಹೆಲ್ಮೆಟ್ಟಿನ ಪಟ್ಟಿ ಎಳೆದುಕೊಳ್ಳುತ್ತ, “ನಿಮ್ಮವ್ವಗ ಭಾಳ ಮನಸಿಗೆ ಬಂದೈತಿ,” ಎಂದಳು.