ಕಲಿಸಬಾರದ ಹಾಡು

"ಈ ಹಾಡನ್ನು ಮಕ್ಕಳಿಗೆ ಕಲಿಸೋದಿಲ್ಲ, ಈ ಸಂಕಟ ನಮ್ಮ ಕಾಲಕ್ಕೇ ಮುಗೀಲಿ" ಎಂದು ಲಿಬೊನ್ ನಲವತ್ತು ವರ್ಷಗಳ ಹಿಂದೆ, ಸಾಯುತ್ತಿದ್ದ ತಾಯಿಗೆ ಮಾತು ಕೊಟ್ಟಿದ್ದಳು. ಅಣುಬಾಂಬು ಪರೀಕ್ಷೆಯ ಬೂದಿ ಬಿದ್ದು ತಾವು ಬಿಟ್ಟುಬಂದ ದ್ವೀಪದ ಕುರಿತು ತಾಯಿಯೇ ಕಟ್ಟಿದ ಹಾಡು ಅದು. ವರ್ಷಕ್ಕೊಮ್ಮೆ, ಬಾಂಬು ಸಿಡಿದ ದಿನ, ಈಗ ನೆಲೆಸಿರುವ ಮಜುರೊ ದ್ವೀಪದ ಚರ್ಚಿನಲ್ಲಿ ಲಿಬೊನ್ ಒಬ್ಬಳೇ ನಿಂತು ಹಾಡುತ್ತಿದ್ದಳು.

ಈ ಸಲ ಎರಡನೇ ಸಾಲಿಗೇ ದನಿ ನಿಂತುಹೋಯಿತು. ಗಂಟಲಿನ ಗಡ್ಡೆ ತೆಗೆಸಿ ಇನ್ನೂ ಮೂರು ತಿಂಗಳು. ಹೊಲಿಗೆಯ ಗುರುತಿನ ಮೇಲೆ ಕೈಯಿಟ್ಟು ಮತ್ತೆ ಬಾಯಿ ತೆರೆದಳು. ಬರೀ ಗಾಳಿ ಬಂತು. ಮುಂದಿನ ಬೆಂಚಿನಲ್ಲಿ ಕೂತಿದ್ದ, ಗಂಟಲಲ್ಲಿ ಅಂಥದ್ದೇ ಗುರುತಿನ ಮುದುಕಿಯರು ತಲೆ ತಗ್ಗಿಸಿದರು. ಅವರಾರಿಗೂ ಹಾಡು ಪೂರ್ತಿ ಬಾರದು.

ಮೊಮ್ಮಗಳು ನೈಮಾಟ್ ಎದ್ದು ಬಂದು ಪಕ್ಕದಲ್ಲಿ ನಿಂತಳು. "ಬುಬೂ, ನೀನು ಸಾಲು ಹೇಳು, ನಾನು ಹಾಡ್ತೀನಿ."

"ನಿಂಗ್ಯಾಕೆ ಈ ಗೋಳು? ಹೋಗಿ ಕೂತ್ಕೊ."

"ಕೂತ್ಕೊಂಡ್ರೆ, ಅಲ್ಲಿ ನಮ್ಮನೆ ಎಲ್ಲಿತ್ತು ಅಂತ ನಾಳೆ ಯಾರು ಹೇಳ್ತಾರೆ? ನೀನು ಸಾಕಿರೋ ಹಂದಿನಾ?"

"ಹೇಳೇ ಲಿಬೊನ್, ನಿಮ್ಮಮ್ಮನ ಬಾಯೇ ಬಂದಿದೆ ಇವಳಿಗೆ!" ಎಂದು ಮುದುಕಿಯೊಬ್ಬಳು ನಕ್ಕಳು.

ಲಿಬೊನ್ ಬಾಗಿ, ಹುಡುಗಿಯ ಕಿವಿಯಲ್ಲಿ ಸಾಲು ಉಸುರಿದಳು. ಸಿಹಿನೀರಿನ ಬಾವಿ, ಹಲಸಿನಂಥ ದೀವಿಮರ, ದೋಣಿ ಕಟ್ಟುವ ಜಾಗ, ಎಲ್ಲವೂ ನೋವಿಲ್ಲದ ಆ ಗಂಟಲಿನಿಂದ ಒಂದೊಂದಾಗಿ ಎದ್ದುಬಂದವು. ದೇವರೇ, ಇದನ್ನು ಕೇಳುವಷ್ಟು ದಿನ ನನ್ನನ್ನು ಬದುಕಿಸಿಟ್ಟೆಯಲ್ಲ ಎಂದುಕೊಳ್ಳುತ್ತ ಅವಳು ಕೊನೆಯ ಸಾಲನ್ನೂ ಹೇಳಿಕೊಟ್ಟಳು.

ತಾಯಿಗೆ ಕೊಟ್ಟ ಮಾತನ್ನು ಲಿಬೊನ್ ಅಂದು ಮುರಿದಳು.